ಮೂರನೆಯ ರಿಚರ್ಡನೂ ದಳವಾಯಿ ವಿಕ್ರಮರಾಯನೂ

ಕೋಲಾರದ ಸೀಮೆಯು ಚಿನ್ನಕ್ಕೆ ಹೆಸರಾಗಿರುವಷ್ಟು ಷೇಕ್ಸ್‌ಪಿಯರ್ ಮಹಾಕವಿಯ ಕನ್ನಡಾವತಾರಕ್ಕೆ ಹೆಸರಾಗಿಲ್ಲವಾದರೂ, ಆ ಕೀರ್ತಿಯಲ್ಲಿ ಈ ಸೀಮೆಗೆ ಸಲ್ಲತಕ್ಕ ಪಾಲು ಅಲ್ಪವಾದುದಲ್ಲ. ೧೮೮೭ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ‘ಮ್ಯಾಕ್‌ಬೆತ್’ ನಾಟಕವನ್ನು ಕನ್ನಡಕ್ಕೆ ತಂದರು. ಬಂಗಾರಪೇಟೆಗೆ ನೆರೆಯಾದ ಮಾಲೂರು ತಾಲ್ಲೂಕಿನ ಮಾಸ್ತಿ ಎಂಬ ಊರನ್ನು ತಮ್ಮ ಹೆಸರಿನೊಡನೆ ನಾಡಿಗೆಲ್ಲ ಪರಿಚಯಮಾಡಿಕೊಟ್ಟ ವೆಂಕಟೇಶ ಅಯ್ಯಂಗಾರ್ಯರು ಲಿಯರ್ ದೊರೆಯನ್ನೂ ಹ್ಯಾಮ್ಲೆಟ್ ರಾಜಕುಮಾರನನ್ನೂ ಕನ್ನಡದಲ್ಲಿ ಮಾತನಾಡಿಸಿದರು. ೧೮೮೦ರಿಂದೀಚೆಗೆ ಜಾನ್ ಟೇಲರ್ ಕಂಪೆನಿಯವರ ಆಡಳಿತದಲ್ಲಿ ಬೆಳೆದು ‘ಪುಟ್ಟ ಇಂಗ್ಲೆಂಡು’ ಎಂದು ಕರೆಯಿಸಿಕೊಂಡ ಗಣಿಯ ಊರಿನ ಆಸುಪಾಸಿನಲ್ಲಿ, ಇಂಗ್ಲೆಂಡಿನ ಮಹಾಕವಿಯನ್ನು ಕನ್ನಡಿಗರಿಗೆ ಪರಿಚಯಿಸಿದವರು ಗಣಿಯ ದೊರೆಗಳಲ್ಲದೆ ಸುತ್ತಣ ಸೀಮೆಯ ಈ ಮಹನೀಯರಾದುದು ಒಂದು ಚೋದ್ಯವೇ ಸರಿ.

ಇಷ್ಟಾದರೂ ಆ ಕವಿಯ ಚಾರಿತ್ರಿಕ ನಾಟಕಗಳು ನಮ್ಮವರ ಮನಸ್ಸನ್ನು ಅಷ್ಟಾಗಿ ಸೆಳೆದಂತೆ ತೋರುವುದಿಲ್ಲ. ಇಂಗ್ಲೆಂಡಿನ ರಾಜವಂಶಗಳ ಜಗಳ ನಮಗೇಕೆ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಆದರೆ ಆ ನಾಟಕಗಳ ಪೈಕಿ ‘ಮೂರನೆಯ ರಿಚರ್ಡ್’ ಎಂಬುದೊಂದನ್ನಾದರೂ ನಮ್ಮ ಪಟ್ಟಣಗಳ ವಿದ್ಯಾವಂತರು, ಅದರಲ್ಲಿಯೂ ಸರ್ಕಾರದ ಕಾಗದಪತ್ರಗಳ ನಡುವೆ ಜೀವನವನ್ನು ಸವೆಸುವವರು, ಓದಲೇಬೇಕೆಂದು ನಾವು ಹೇಳುವೆವು. ಸಾಮಾನ್ಯವಾಗಿ ಈ ನಾಟಕವನ್ನು ಒಬ್ಬ ಗೂನುಬೆನ್ನಿನ ರಾಕ್ಷಸನ ಕಥೆಯೆಂದು ಭಾವಿಸುವುದುಂಟು. ನಮಗೆ ತೋರುವಮಟ್ಟಿಗೆ ಇದು ಅಷ್ಟೇ ಪ್ರಮಾಣದಲ್ಲಿ ಅವನ ಸುತ್ತಲಿದ್ದ ಸಾಧಾರಣ ಜನರ ಕಥೆ. ಬೀಗದ ಕೈ ಇಟ್ಟುಕೊಂಡಿದ್ದವನ, ಸನ್ನದು ಬರೆದವನ, ಸಭೆಯಲ್ಲಿ ಮೇಲಿನವರ ಮಾತನ್ನು ಓದಿ ಹೇಳಿದವನ ಕಥೆ.

ಕಥಾಭಾಗವನ್ನು ಸಂಕ್ಷೇಪವಾಗಿ ಹೇಳುವೆವು. ನಾಲ್ಕನೆಯ ಎಡ್ವರ್ಡ್ ದೊರೆಯ ತಮ್ಮನಾದ ಗ್ಲಾಸ್ಟರಿನ ರಿಚರ್ಡನಿಗೂ ಸಿಂಹಾಸನಕ್ಕೂ ನಡುವೆ ಅಣ್ಣಂದಿರು ಇಬ್ಬರು, ಅಣ್ಣನ ಮಕ್ಕಳು ಇಬ್ಬರು. ಅಣ್ಣನಾದ ಕ್ಲಾರೆನ್ಸನನ್ನು ಸುಳ್ಳು ಅನುಮಾನದ ಮೂಲಕ ಸೆರೆಗೆ ಹಾಕಿಸಿ ಕೊಲ್ಲಿಸುತ್ತಾನೆ. ಯಾವ ರಾಜಕುಮಾರನನ್ನು ತಾನೇ ಕೊಂದಿದ್ದನೋ ಅವನ ವಿಧವೆಯಾದ ಆನ್ ಎಂಬಾಕೆಯನ್ನು, ಅವಳ ಮಾವನ ಶವಪೆಟ್ಟಿಗೆಯ ಎದುರಿನಲ್ಲಿಯೇ, ಮಾತಿನ ಮೋಡಿಯಿಂದ ಮದುವೆಗೆ ಒಪ್ಪಿಸುತ್ತಾನೆ. ೧೪೮೩ರ ಏಪ್ರಿಲಿನಲ್ಲಿ ದೊರೆ ಕಾಲವಾಗಲು, ಬಾಲಕರಾದ ಮಕ್ಕಳಿಗೆ ತಾನೇ ರಕ್ಷಕನೆಂದು ಮುಂದೆ ಬಂದು ಅವರನ್ನು ಲಂಡನ್ನಿನ ಗೋಪುರಕ್ಕೆ ಸೇರಿಸುತ್ತಾನೆ. ಅಡ್ಡ ನಿಂತ ಹೇಸ್ಟಿಂಗ್ಸ್ ಪ್ರಭುವಿನ ತಲೆಯನ್ನು ಹೊಡೆಯಿಸುತ್ತಾನೆ. ಕಿರೀಟ ಧರಿಸಿದ ಮೇಲೆ ಆ ಬಾಲಕರನ್ನೂ ಕೊಲ್ಲಿಸುತ್ತಾನೆ. ೧೪೮೫ರ ಆಗಸ್ಟ್ ೨೨ರಂದು ಬಾಸ್‌ವರ್ತ್ ಎಂಬ ಬಯಲಿನಲ್ಲಿ ರಿಚ್‌ಮಂಡನ ಸೈನ್ಯಕ್ಕೆ ಸೋತು ಮಡಿಯುತ್ತಾನೆ. ಆಳಿದುದು ಎರಡು ವರ್ಷಗಳ ಮೇಲೆ ಕೆಲವು ವಾರಗಳು.

ಇಂಥ ದುಷ್ಟರು ಪುರಾಣೇತಿಹಾಸಗಳಲ್ಲಿ ನಮಗೆ ಹೊಸಬರಲ್ಲ. ಶಕುನಿಯನ್ನು ಬಲ್ಲ ನಾಡಿಗೆ ಕಾಪಟ್ಯವನ್ನು ಇಂಗ್ಲೆಂಡಿನವರು ಬಂದು ಕಲಿಸಬೇಕಾದುದಿಲ್ಲ. ಹೊಸದೆಂದರೆ, ರಿಚರ್ಡನು ತನ್ನ ಸಂಚುಗಳನ್ನು ಮೊದಲು ನಮ್ಮೊಡನೆ ಹೇಳಿಕೊಳ್ಳುತ್ತಾನೆ. ನಾಟಕದ ಪ್ರಾರಂಭದಲ್ಲಿಯೇ ಒಬ್ಬನೇ ರಂಗದ ಮೇಲೆ ಬಂದು, ಶಾಂತಿಯ ಕಾಲದಲ್ಲಿ ತನ್ನಂಥ ಕುರೂಪಿಗೆ ಬೇರೆ ಕಸುಬಿಲ್ಲವಾದ್ದರಿಂದ ಖಳನಾಗುವುದೆಂದು ತೀರ್ಮಾನಿಸಿದ್ದೇನೆ ಎಂಬರ್ಥದ ಮಾತುಗಳನ್ನು ನಗುನಗುತ್ತ ಆಡುತ್ತಾನೆ. ಮುಂದೆ ಒಂದೊಂದು ಬಲೆ ಬೀಸುವುದಕ್ಕೆ ಮುಂಚೆಯೂ ನಮ್ಮ ಕಡೆಗೆ ತಿರುಗಿ ಕಣ್ಣು ಮಿಟುಕಿಸುತ್ತಾನೆ. ನಾವೂ ನಗುತ್ತೇವೆ. ಆನ್ ಮೋಸಹೋದಾಗ ಅಯ್ಯೋ ಎನ್ನುವುದರ ಜೊತೆಗೆ ಭಲೆ ಎಂದೂ ಅನ್ನುತ್ತೇವೆ. ಕವಿಯ ಚಾತುರ್ಯವು ಇಲ್ಲಿದೆ: ರಂಗದ ಮೇಲಿನವರಿಗಿಂತ ಮೊದಲೇ ಪ್ರೇಕ್ಷಕನು ಒಳಸಂಚಿನಲ್ಲಿ ಪಾಲುಗಾರನಾಗಿ ಹೋಗಿರುತ್ತಾನೆ.

ಇನ್ನು ಪಾಲುಗಾರರಾದ ಅಧಿಕಾರಿಗಳನ್ನು ನೋಡೋಣ. ಗೋಪುರದ ಕಾವಲಿನ ಅಧಿಕಾರಿಯ ಹೆಸರು ಬ್ರೇಕನ್‌ಬರಿ. ಸೆರೆಯಲ್ಲಿ ಕ್ಲಾರೆನ್ಸನು ತನ್ನ ಭಯಂಕರ ಸ್ವಪ್ನವನ್ನು ಹೇಳಿ ನಿದ್ದೆಹೋಗುವವರೆಗೂ ಆತನು ಪಕ್ಕದಲ್ಲಿ ಕುಳಿತು ಕನಿಕರದಿಂದ ಕೇಳುತ್ತಾನೆ. ಆಮೇಲೆ ಇಬ್ಬರು ಕೊಲೆಗಡುಕರು ಒಂದು ಆಜ್ಞಾಪತ್ರವನ್ನು ತಂದು ಕೊಡುತ್ತಾರೆ. ಬ್ರೇಕನ್‌ಬರಿ ಅದನ್ನು ಓದಿಕೊಂಡು, ಇದರ ಅಭಿಪ್ರಾಯವೇನೆಂದು ತಾನು ವಿಚಾರಮಾಡತಕ್ಕವನಲ್ಲ, ಆ ಅಭಿಪ್ರಾಯದ ದೋಷವು ತನಗೆ ಅಂಟಬಾರದು ಎಂದು ಹೇಳಿ, ಬೀಗದ ಕೈಗಳನ್ನು ಅವರ ಕೈಗಿತ್ತು ಹೊರಟುಹೋಗುತ್ತಾನೆ. ಆತನು ಕ್ರೂರಿಯಲ್ಲ, ಲಂಚ ತಿಂದವನೂ ಅಲ್ಲ. ಪತ್ರವು ಕ್ರಮವಾಗಿತ್ತು, ಮೊಹರು ಸರಿಯಾಗಿತ್ತು, ಅಷ್ಟೆ. ಮುಂದೊಂದು ದಿನ ಬಾಲಕರ ತಾಯಿ ಗೋಪುರದ ಬಾಗಿಲಿಗೆ ಬಂದು ಮಕ್ಕಳನ್ನು ನೋಡಬೇಕೆನ್ನಲು, ದೊರೆಯ ಅಪ್ಪಣೆಯಿಲ್ಲವೆಂದು ಇದೇ ಬ್ರೇಕನ್‌ಬರಿ ಹೇಳಿಬಿಟ್ಟು, ಕೂಡಲೇ ನಾಲಗೆ ಕಚ್ಚಿಕೊಂಡು ‘ದೊರೆ’ ಎಂಬುದನ್ನು ‘ರಕ್ಷಕ’ ಎಂದು ತಿದ್ದಿಕೊಳ್ಳುತ್ತಾನೆ. ಊರಿಗೆಲ್ಲ ಗುಟ್ಟಾಗಿದ್ದ ಸಂಗತಿಯು ಕಾವಲಿನವನ ಬಾಯಲ್ಲಿ ಆಗಲೇ ರೂಢಿಯಾಗಿಹೋಗಿತ್ತು.

ಪೌರಸಭೆಯ ಪ್ರಸಂಗವು ಇದಕ್ಕಿಂತಲೂ ಸ್ವಾರಸ್ಯವಾದುದು. ರಿಚರ್ಡನ ಬಲಗೈಯಾದ ಬಕಿಂಗ್‌ಹ್ಯಾಮನು ಲಂಡನ್ನಿನ ಪೌರರನ್ನು ಕೂಡಿಸಿ, ರಿಚರ್ಡನೇ ದೊರೆಯಾಗಬೇಕೆಂದು ದೀರ್ಘವಾಗಿ ಭಾಷಣಮಾಡುತ್ತಾನೆ. ಜನರು ತುಟಿಪಿಟಕ್ಕೆನ್ನದೆ ಒಬ್ಬರ ಮುಖವನ್ನೊಬ್ಬರು ನೋಡುತ್ತ ಬಿಳಿಚಿಕೊಂಡು ನಿಲ್ಲುತ್ತಾರೆ. ಇದೇನೆಂದು ಕೇಳಿದರೆ, ನಗರಾಧ್ಯಕ್ಷನು, ಪೌರರಿಗೆ ರೆಕಾರ್ಡರ್ ಎಂಬ ಅಧಿಕಾರಿಯ ಮೂಲಕ ಹೊರತು ಬೇರೆ ಯಾರಿಂದಲೂ ಮಾತು ಕೇಳಿ ಅಭ್ಯಾಸವಿಲ್ಲವೆಂದು ಸಮಾಧಾನ ಹೇಳುತ್ತಾನೆ. ಸರಿ, ಆ ಅಧಿಕಾರಿಯು ಎದ್ದು ಅದೇ ಭಾಷಣವನ್ನು ಪುನಃ ಒಪ್ಪಿಸುತ್ತಾನೆ; ಆದರೆ ಪ್ರತಿಯೊಂದು ಮಾತಿಗೂ ಇದು ಪ್ರಭುಗಳು ಹೇಳಿದ್ದು, ಇದು ಪ್ರಭುಗಳ ಅಭಿಪ್ರಾಯ ಎಂದು ಸೇರಿಸುತ್ತಾನೆಯೇ ಹೊರತು ತನ್ನದೆಂದು ಒಂದಕ್ಷರವನ್ನೂ ನುಡಿಯುವುದಿಲ್ಲ. ಕಡೆಗೆ ಸಭೆಯ ಹಿಂಭಾಗದಲ್ಲಿದ್ದ ಬಕಿಂಗ್‌ಹ್ಯಾಮನ ಆಳುಗಳು ಟೋಪಿಗಳನ್ನು ಮೇಲಕ್ಕೆ ಎಸೆದು ಜಯಕಾರ ಮಾಡುತ್ತಾರೆ. ಆ ಹತ್ತು ಗಂಟಲುಗಳ ಕೂಗೇ ಲಂಡನ್ ಮಹಾನಗರದ ಸಮ್ಮತಿಯಾಗಿ ಪರಿಣಮಿಸುತ್ತದೆ. ಆಮೇಲೆ ನಗರಾಧ್ಯಕ್ಷನು ಪೌರಮುಖ್ಯರೊಡನೆ ಬಂದು ಪಟ್ಟವನ್ನು ಒಪ್ಪಿಕೊಳ್ಳಬೇಕೆಂದು ಬೇಡುವಾಗ, ರಿಚರ್ಡನು ಇಬ್ಬರು ಪಾದ್ರಿಗಳ ನಡುವೆ ಪ್ರಾರ್ಥನಾಗ್ರಂಥವನ್ನು ಹಿಡಿದು ನಿಂತಿರುತ್ತಾನೆ! ನಮ್ಮ ಪೌರಸಭೆಗಳ ಕಲಾಪವನ್ನು ಕಂಡಿರುವ ವಾಚಕರಿಗೆ ಇಲ್ಲಿ ವಿಶೇಷ ವ್ಯಾಖ್ಯಾನವು ಬೇಕಾಗಲಾರದು.

ಆದರೆ ಇವರೆಲ್ಲರಿಗಿಂತಲೂ ನಮ್ಮ ಮನಸ್ಸಿನಲ್ಲಿ ನಿಲ್ಲುವವನು ಒಬ್ಬ ಹೆಸರಿಲ್ಲದ ಬರಹಗಾರ. ಮೂರನೆಯ ಅಂಕದ ಆರನೆಯ ದೃಶ್ಯದಲ್ಲಿ ಆತನು ಒಂದು ಕಾಗದವನ್ನು ಹಿಡಿದು ಒಂಟಿಯಾಗಿ ಬರುತ್ತಾನೆ. ಹದಿನಾಲ್ಕು ಸಾಲು ಮಾತನಾಡಿ ಹೋಗುತ್ತಾನೆ. ಮತ್ತೆ ನಾಟಕದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಅವನ ಕೈಯಲ್ಲಿರುವುದು ಹೇಸ್ಟಿಂಗ್ಸನ ಮೇಲಣ ಆರೋಪಪತ್ರ. ಪೌರರೆದುರಿಗೆ ಓದುವುದಕ್ಕಾಗಿ ಅದನ್ನು ಅಂದವಾಗಿ ನಕಲುಮಾಡುವುದಕ್ಕೆ ಅವನಿಗೆ ಹನ್ನೊಂದು ಗಂಟೆಗಳು ಹಿಡಿದಿವೆ. ಮೂಲಪ್ರತಿಯನ್ನು ಸಿದ್ಧಪಡಿಸುವುದಕ್ಕೂ ಅಷ್ಟೇ ಹೊತ್ತು ಹಿಡಿದಿರಬೇಕು. ಆದರೆ ಐದು ಗಂಟೆಗಳ ಹಿಂದೆ ಹೇಸ್ಟಿಂಗ್ಸನು ಯಾವ ಆರೋಪವೂ ವಿಚಾರಣೆಯೂ ಇಲ್ಲದೆ ಸ್ವತಂತ್ರನಾಗಿ ಬದುಕಿದ್ದನು! ಲೆಕ್ಕ ಬಲ್ಲ ಗುಮಾಸ್ತೆಗೆ ಸಂಗತಿಯು ಸ್ಪಷ್ಟವಾಗಿದೆ. ಆ ಮನುಷ್ಯನು ಸಭೆಯಲ್ಲಿ ಕುಳಿತು, ಬಿಷಪ್ಪರ ತೋಟದ ಹಣ್ಣನ್ನು ತರಿಸಬೇಕೆಂದು ರಿಚರ್ಡನು ಕೇಳಿದುದನ್ನು ನೋಡುತ್ತ, ದೊರೆಯ ತಮ್ಮನಿಗೆ ತನ್ನಲ್ಲಿ ಎಷ್ಟು ವಿಶ್ವಾಸವೆಂದು ಹಿಗ್ಗುತ್ತಿದ್ದಾಗ ಅವನ ಅಪರಾಧವನ್ನು ಕುರಿತ ತೀರ್ಪು ದುಂಡಾದ ಅಕ್ಷರಗಳಲ್ಲಿ ಇಳಿಯುತ್ತಿತ್ತು. ಈ ಕಪಟವನ್ನು ಕಾಣಲಾರದಷ್ಟು ದಡ್ಡನು ಯಾರೂ ಇಲ್ಲ, ಕಂಡೆನೆಂದು ಹೇಳುವಷ್ಟು ಧೈರ್ಯಶಾಲಿಯೂ ಇಲ್ಲ ಎಂಬ ಅಭಿಪ್ರಾಯವನ್ನು ತನ್ನಷ್ಟಕ್ಕೆ ಹೇಳಿಕೊಂಡು ಆತನು ಕಾಗದವನ್ನು ಸುತ್ತಿಕೊಂಡು ಹೋಗುತ್ತಾನೆ. ಕಾಗದವನ್ನು ಹರಿಯುವುದಿಲ್ಲ.

ಇದು ಕವಿಯ ಕೇವಲ ಕಲ್ಪನೆಯೆಂದು ತಿಳಿಯಬಾರದು. ರಿಚರ್ಡನು ಸತ್ತ ಮೂರು ದಶಕಗಳೊಳಗಾಗಿ ಅವನ ಚರಿತ್ರೆಯನ್ನು ಬರೆಯತೊಡಗಿದ ಸರ್ ಥಾಮಸ್ ಮೋರ್ ಎಂಬ ವಿದ್ವಾಂಸನು ಈ ಪ್ರಕಟನಪತ್ರದ ಸಂಗತಿಯನ್ನು ಹೇಳುತ್ತಾನೆ. ಹೇಸ್ಟಿಂಗ್ಸನ ತಲೆ ಬಿದ್ದ ಎರಡು ಗಂಟೆಗಳೊಳಗಾಗಿ ಅಷ್ಟು ದೀರ್ಘವಾದ ಪತ್ರವು ಚರ್ಮಪಟದ ಮೇಲೆ ಅಷ್ಟು ಚೆಂದವಾಗಿ ಬರೆಯಲ್ಪಟ್ಟು ಸಾರಲ್ಪಟ್ಟುದನ್ನು ಕೇಳಿ, ಇದು ಮೊದಲೇ ಸಿದ್ಧವಾಗಿದ್ದುದೆಂದು ಮಕ್ಕಳಿಗೂ ತಿಳಿಯಿತಂತೆ. ಶಾಲೆಯ ಉಪಾಧ್ಯಾಯನೊಬ್ಬನು ಆತುರವನ್ನು ಹಾಸ್ಯಮಾಡಲು, ಹತ್ತಿರವಿದ್ದ ವ್ಯಾಪಾರಿಯು, ಇದನ್ನು ಭವಿಷ್ಯಜ್ಞಾನವುಳ್ಳವರು ಬರೆದಿರಬೇಕೆಂದು ಉತ್ತರಕೊಟ್ಟನಂತೆ. ಪೇಟೆಯ ಈ ಕುಚೋದ್ಯವನ್ನು ತೆಗೆದುಕೊಂಡು ಷೇಕ್ಸ್‌ಪಿಯರನು ಒಬ್ಬ ಮನುಷ್ಯನನ್ನು ಮಾಡಿದನು. ಉಪಾಧ್ಯಾಯನೂ ವ್ಯಾಪಾರಿಯೂ ನೋಡಿ ನಕ್ಕವರು. ಬರಹಗಾರನಾದರೋ ಕೈಯಾರ ಮಾಡಿದವನು.

ಪಟ್ಟವು ದೊರೆತೊಡನೆಯೇ ನಾಟಕದ ಗತಿ ಬದಲಾಗುತ್ತದೆ. ಸಿಂಹಾಸನದ ಮೇಲೆ ಕುಳಿತ ರಿಚರ್ಡನ ಮೊದಲನೆಯ ಮಾತೇ, ಈ ವೈಭವವು ಒಂದು ದಿನದ್ದೋ ಬಾಳತಕ್ಕದ್ದೋ ಎಂಬ ಸಂಶಯ. ಬಾಲಕರನ್ನು ಮುಗಿಸಬೇಕೆಂದು ಬಕಿಂಗ್‌ಹ್ಯಾಮನಿಗೆ ಸೂಚಿಸುತ್ತಾನೆ. ಅಲ್ಲಿಯವರೆಗೆ ಯಾವ ಪಾಪಕ್ಕೂ ಹಿಂಜರಿಯದಿದ್ದ ಆ ಮಿತ್ರನು ಸ್ವಲ್ಪ ಉಸಿರು ತೆಗೆದುಕೊಳ್ಳಲು ಅವಕಾಶ ಬೇಡುತ್ತಾನೆ. ಅಷ್ಟಕ್ಕೇ ಅವರ ಸ್ನೇಹವು ಮುರಿಯುತ್ತದೆ. ಆಗ ಇಂಗ್ಲೆಂಡಿನ ಅಧಿಪತಿಯು ಮಾಡುವುದೇನು? ಪಕ್ಕದಲ್ಲಿ ನಿಂತಿದ್ದ ಒಬ್ಬ ಹುಡುಗ ಊಳಿಗದವನನ್ನು ಕರೆದು, ಚಿನ್ನದಾಸೆಗೆ ಗುಟ್ಟಾಗಿ ಕೊಲೆಮಾಡಬಲ್ಲವರು ಯಾರಾದರೂ ನಿನಗೆ ಗೊತ್ತೇ ಎಂದು ಕೇಳುತ್ತಾನೆ! ಮಂತ್ರಿಗಳು, ಪ್ರಭುಗಳು, ಬಂಧುಗಳು ತುಂಬಿದ್ದ ಆಸ್ಥಾನದಲ್ಲಿ ದೊರೆಗೆ ಆಲೋಚನೆ ಹೇಳುವುದಕ್ಕೆ ಉಳಿದವನು ಒಬ್ಬ ಹುಡುಗ. ಅವನ ಒಂಟಿತನವನ್ನು ತೋರಿಸುವುದಕ್ಕೆ ಇದಕ್ಕಿಂತ ಹೆಚ್ಚಿನ ವರ್ಣನೆಯು ಯಾತಕ್ಕೆ? ಬಕಿಂಗ್‌ಹ್ಯಾಮನು ತಾನು ಮಾಡಿದ ಕೆಲಸಕ್ಕೆ ಕೂಲಿಯಾಗಿ ಒಪ್ಪಿಕೊಂಡಿದ್ದ ಹೆರ್‌ಫರ್ಡಿನ ಜಹಗೀರನ್ನು ಕೇಳಿದಾಗ, ಇಂದು ಕೊಡುವ ಮನಸ್ಸಿಲ್ಲವೆಂಬ ಉತ್ತರ ಬರುತ್ತದೆ. ಅವನು ಓಡಿಹೋಗುತ್ತಾನೆ, ಸೈನ್ಯ ಕೂಡಿಸುತ್ತಾನೆ, ಸಿಕ್ಕಿಬಿದ್ದು ತಲೆ ಕೊಡುತ್ತಾನೆ.

ಮಾರಿಕುಪ್ಪದ ಕಡೆಯ ಹಳೆಯ ಗಣಿಕೆಲಸಗಾರರ ಮನೆಗಳಲ್ಲಿ ಬಂಡೆ ಸಿಡಿಯುವುದೆಂದರೇನೆಂದು ಹೇಳಬೇಕಾಗಿಲ್ಲ. ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದ ಆ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಇಳಿದಿದ್ದುವು. ಅದುರನ್ನು ತೆಗೆಯುತ್ತ ಹೋದಂತೆ ಮೇಲಿನ ಭಾರವನ್ನು ಹೊರುವುದಕ್ಕೆ ಏನಾದರೂ ಆಧಾರವನ್ನು ಬಿಡಬೇಕು, ಇಲ್ಲವೇ ಕಟ್ಟಬೇಕು. ಆಧಾರವು ಸಾಲದೆ ಹೋದ ಕಡೆಯಲ್ಲಿ ಬಂಡೆಯು ಬಹುಕಾಲ ಸದ್ದಿಲ್ಲದೆ ಭಾರವನ್ನು ತಾಳಿಕೊಂಡಿದ್ದು, ಒಂದು ಗಳಿಗೆಯಲ್ಲಿ ಒಡೆದು ಸಿಡಿಯುತ್ತಿತ್ತು. ನೆಲದ ಮೇಲಿನ ಮನೆಗಳಲ್ಲಿ ಪಾತ್ರೆಗಳು ಅಲುಗುತ್ತಿದ್ದುವು. ರಿಚರ್ಡನು ತೋಡಿದುದೂ ಇಂಥ ಸುರಂಗವನ್ನೇ. ಮನುಷ್ಯರಲ್ಲಿ ಅವನು ಕಂಡುದು ಅದುರನ್ನು ಮಾತ್ರ. ಹೇಸ್ಟಿಂಗ್ಸನ ನಿಷ್ಠೆ, ಆನಳ ದುಃಖ, ಬಕಿಂಗ್‌ಹ್ಯಾಮನ ದುರಾಸೆ ಎಲ್ಲವನ್ನೂ ಕೆತ್ತಿ ತೆಗೆದುಕೊಂಡನು. ತನ್ನ ತಲೆಯ ಮೇಲಿನ ಛಾವಣಿಯನ್ನು ಹೊತ್ತಿದ್ದುದೂ ಅದೇ ಎಂಬುದು ಅವನ ಲೆಕ್ಕಕ್ಕೆ ಬಂದಿರಲಿಲ್ಲ.

ಆಮೇಲಿನ ರಿಚರ್ಡನಲ್ಲಿ ಮೊದಲಿನ ಹದವೂ ಇಲ್ಲ, ನಗೆಯೂ ಇಲ್ಲ. ನಮ್ಮ ಕಡೆಗೆ ತಿರುಗಿ ಹೇಳಿಕೊಳ್ಳುವ ಮಾತುಗಳು ವಿರಳವಾಗುತ್ತವೆ. ಅನುಚರನೊಬ್ಬನಿಗೆ ಇನ್ನೂ ಏಕೆ ಹೊರಡಲಿಲ್ಲವೆಂದು ಗದರಿಸುತ್ತಾನೆ. ಹೋಗಿ ಏನು ಹೇಳಬೇಕೆಂಬುದನ್ನೇ ಅವನಿಗೆ ಹೇಳಿರುವುದಿಲ್ಲ. ಒಳ್ಳೆಯ ಸುದ್ದಿಯನ್ನು ತಂದ ದೂತನನ್ನು, ಕೆಟ್ಟದ್ದೆಂದು ಭಾವಿಸಿ, ಮಾತು ಮುಗಿಸುವುದಕ್ಕೆ ಮುಂಚೆಯೇ ಹೊಡೆಯುತ್ತಾನೆ. ಹೆತ್ತ ತಾಯಿಯೇ ಎದುರಿಗೆ ನಿಂತು ಶಪಿಸುತ್ತಾಳೆ. ಸ್ಟಾನ್ಲಿ ಪ್ರಭುವನ್ನು ನಂಬಲಾರದೆ ಅವನ ಮಗನನ್ನು ಒತ್ತೆಯಾಗಿ ಹಿಡಿದಿಟ್ಟುಕೊಳ್ಳುತ್ತಾನೆ. ಯುದ್ಧದ ಹಿಂದಿನ ರಾತ್ರಿ ಅವನು ಕೊಂದ ಹನ್ನೊಂದು ಮಂದಿಯ ಪ್ರೇತಗಳು ಸಾಲಾಗಿ ಬಂದು ಹೋಗುತ್ತವೆ. ಬೆಚ್ಚಿ ಎದ್ದು ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುತ್ತಾನೆ: ಇಲ್ಲಿ ಕೊಲೆಗಡುಕನಿದ್ದಾನೆಯೆ? ತಾನೇ ಇದ್ದಾನೆ. ಹಾಗಾದರೆ ಓಡಬೇಕೆ? ತನ್ನಿಂದ ತಾನು ಓಡುವುದೆಲ್ಲಿಗೆ? ತನ್ನನ್ನು ಪ್ರೀತಿಸುವ ಪ್ರಾಣಿ ಲೋಕದಲ್ಲಿ ಒಂದೂ ಇಲ್ಲವೆಂದೂ, ಸತ್ತರೆ ಅಳುವವರಿಲ್ಲವೆಂದೂ ಅರಿಯುತ್ತಾನೆ.

ಪ್ರೇತಗಳ ದೃಶ್ಯವನ್ನು ಎಲ್ಲರೂ ಹೊಗಳುತ್ತಾರೆ. ನಮಗೆ ಅದರ ಬೆನ್ನಿಗೇ ಬರುವ ಒಂದು ಸಣ್ಣ ಸಂಗತಿಯು ಹೆಚ್ಚು ಭಯಂಕರವಾಗಿ ತೋರುತ್ತದೆ. ಬೆಳಗಾಗುವುದಕ್ಕೆ ಮುಂಚೆ ಆ ದೊರೆಯು ರ್ಯಾಟ್‌ಕ್ಲಿಫ್ ಎಂಬ ಅನುಚರನನ್ನು ಜೊತೆಗೆ ಕರೆದುಕೊಂಡು, ಯಾರಾದರೂ ತನ್ನನ್ನು ಬಿಟ್ಟುಹೋಗುವ ಮಾತನಾಡುತ್ತಿದ್ದಾರೆಯೋ ಎಂದು, ತನ್ನ ಸೈನಿಕರ ಡೇರೆಗಳ ಮರೆಯಲ್ಲಿ ಕಿವಿಗೊಟ್ಟು ಕೇಳುವುದಕ್ಕೆ ಹೊರಡುತ್ತಾನೆ. ಕಡೆಗೆ ಕುದುರೆಯೊಂದಕ್ಕೆ ರಾಜ್ಯವನ್ನೇ ಬೆಲೆಕಟ್ಟಿ ಕೂಗುವವನು ಈ ಕದ್ದು ಕೇಳುವವನೇ.

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ಮೈಸೂರಿನ ಅರಸುಮನೆತನದ ಚರಿತ್ರೆಯಲ್ಲಿ ದಳವಾಯಿ ವಿಕ್ರಮರಾಯನೆಂಬವನ ಹೆಸರಿದೆ. ೧೬೩೭ರಲ್ಲಿ ಚಾಮರಾಜ ಒಡೆಯರು ಕಾಲವಾಗಲು, ರಾಜ ಒಡೆಯರ ಮಗನಾದ ಇಮ್ಮಡಿ ರಾಜ ಒಡೆಯರು ಪಟ್ಟಕ್ಕೆ ಬಂದರು. ಸೈನ್ಯವೂ ಆಡಳಿತವೂ ದಳವಾಯಿಯ ಕೈಯಲ್ಲಿದ್ದುವು. ಅರಸನು ಹೆಸರಿಗೆ ಮಾತ್ರ ಅರಸನಾಗಿರಲು ಒಪ್ಪದೆ ಅಧಿಕಾರವನ್ನು ತಾನೇ ವಹಿಸಲೆಳಸಿದುದೇ ತಪ್ಪಾಯಿತು. ೧೬೩೮ರಲ್ಲಿ ಅವರಿಗೆ ವಿಷವನ್ನಿಕ್ಕಿಸಲಾಯಿತು. ತೆರಕಣಾಂಬಿಯಿಂದ ಕಂಠೀರವ ನರಸರಾಜ ಒಡೆಯರನ್ನು ಕರೆತಂದು ಅದೇ ವರ್ಷವೇ ಪಟ್ಟ ಕಟ್ಟಿದರು. ವಿಕ್ರಮರಾಯನಿಗೂ ರಿಚರ್ಡನಿಗೂ ಇರುವ ಮುಖ್ಯವಾದ ಭೇದವನ್ನು ವಾಚಕರು ಗಮನಿಸಬೇಕು. ರಿಚರ್ಡನಿಗೆ ಕಿರೀಟವೇ ತನ್ನ ತಲೆಯ ಮೇಲೆ ಬೇಕು. ವಿಕ್ರಮರಾಯನಿಗೆ ಬೇಕಾದುದು ತನ್ನ ಮಾತು ಕೇಳುವ ತಲೆಯ ಮೇಲೊಂದು ಕಿರೀಟ. ಆದರೆ ಹೊಸ ಅರಸನು ಮಲ್ಲಯುದ್ಧದಲ್ಲಿ ಹೆಸರಾದ, ಕೈಯಲ್ಲಿ ಕಸುವಿದ್ದ ಪ್ರಾಯದವನು. ಹಿಂದಿನ ಅರಸನ ಮರಣದ ನಿಜಸ್ಥಿತಿಯು ಅವನ ಕಿವಿಗೆ ಬೇಗನೆಯೇ ಬಿದ್ದಿತು.

ಮುಂದೆ ನಡೆದುದನ್ನು ಕರ್ನಲ್ ಮಾರ್ಕ್ ವಿಲ್ಕ್ಸ್‌ನು ೧೮೧೦ರಲ್ಲಿ ಪ್ರಕಟಿಸಿದ ದಕ್ಷಿಣ ಹಿಂದೂಸ್ಥಾನದ ಚರಿತ್ರೆಯಲ್ಲಿ ವಿವರಿಸಿದ್ದಾನೆ. ಅರಸನ ಕಡೆಯ ಇಬ್ಬರು ಆಳುಗಳು ರಾತ್ರಿಯಲ್ಲಿ ದಳವಾಯಿಯ ಮನೆಯ ಆವರಣದೊಳಕ್ಕೆ ನುಗ್ಗಿ ಹೊಂಚುಹಾಕಿದ್ದರು. ದೀವಟಿಗೆಯವನನ್ನು ಮುಂದಿಟ್ಟುಕೊಂಡು ವಿಕ್ರಮರಾಯನು ಹೊರಗೆ ಬಂದನು. ಮೊದಲು ದೀವಟಿಗೆಯವನು ಬಿದ್ದ, ಬೆಳಕು ಆರಿತು. ಯಾರೆಂದು ದಳವಾಯಿಯು ಕೇಳಿದನು. ನಿನ್ನ ಶತ್ರುವೆಂದು ಒಬ್ಬನು ಮೇಲೆ ಬಿದ್ದನು. ದಳವಾಯಿಯು ಬಲಶಾಲಿ, ಬಂದವನನ್ನು ನೆಲಕ್ಕೆ ಕೆಡವಿ ಅದುಮಿ ಹಿಡಿದನು. ಆ ಕತ್ತಲಲ್ಲಿ ಎರಡನೆಯವನಿಗೆ ಯಾರನ್ನು ಇರಿಯಬೇಕೆಂಬುದು ತಿಳಿಯಲಿಲ್ಲ. ನೀನು ಮೇಲಿರುವೆಯೋ ಕೆಳಗಿರುವೆಯೋ ಎಂದು ಕೇಳಿದನು. ಕೆಳಗೆ ಎಂಬ ಉತ್ತರ ಬಂದಿತು. ಮೇಲಿದ್ದವನಿಗೆ ಕತ್ತಿಯು ಬಿದ್ದಿತು.

ಈ ಪ್ರಸಂಗವನ್ನು ಓದಿದಾಗಲೆಲ್ಲ ನಮಗೆ ಒಂದು ಪ್ರಶ್ನೆಯು ಹುಟ್ಟುತ್ತದೆ. ರಾಜ್ಯದ ಸೈನ್ಯವೆಲ್ಲ ಯಾರ ಅಪ್ಪಣೆಯಲ್ಲಿತ್ತೋ ಅವನ ಹಿತ್ತಿಲಿನಲ್ಲಿ ಆ ರಾತ್ರಿ ಕಾವಲಿನವರು ಎಲ್ಲಿದ್ದರು? ಕೂಗಿಗೆ ಓಡಿಬರುವುದಕ್ಕೆ ಒಬ್ಬನೂ ಇರಲಿಲ್ಲವೆ? ಅರಸನಿಗೆ ವಿಷ ಕೊಟ್ಟಾಗ ಅರಮನೆಯಲ್ಲಿ ಕಣ್ಣು ಮುಚ್ಚಿಕೊಂಡಿದ್ದವರೇ, ದಳವಾಯಿಯ ಗೋಡೆಯನ್ನು ಹತ್ತುವಾಗಲೂ ಕಣ್ಣು ಮುಚ್ಚಿಕೊಂಡಿರಬಹುದು. ಆ ಅಭ್ಯಾಸವನ್ನು ಅವರಿಗೆ ಕಲಿಸಿದವನು ಅವನೇ. ದಳವಾಯಿಯು ಸತ್ತುದಕ್ಕೆ ಮೈಸೂರು ಕಂಗೆಡಲಿಲ್ಲ. ಮರುವರ್ಷವೇ ವಿಜಾಪುರದ ರಣದುಲ್ಲಾಖಾನನು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಲು, ಕಂಠೀರವ ಒಡೆಯರು ಅವನನ್ನು ಹಿಂದಕ್ಕಟ್ಟಿದರು. ಅವರು ಟಂಕಿಸಿದ ಪುಟ್ಟ ಚಿನ್ನದ ನಾಣ್ಯವಾದ ಕಂಠೀರಾಯಿ ಹಣವು ಅವರ ತರುವಾಯವೂ ಬಹುಕಾಲ ಈ ನಾಡಿನ ಲೆಕ್ಕದ ಪುಸ್ತಕಗಳಲ್ಲಿ ಓಡಾಡಿತು.

ವಿಕ್ರಮರಾಯನ ಈ ಕಥೆಯೇ ನಮ್ಮ ‘ಸಂಸ’ರ ಕೈಯಲ್ಲಿ ‘ವಿಗಡ ವಿಕ್ರಮರಾಯ’ ಎಂಬ ನಾಟಕವಾಯಿತು. ಯಳಂದೂರಿನ ಬಳಿಯ ಅಗರದಲ್ಲಿ ೧೮೯೮ರಲ್ಲಿ ಹುಟ್ಟಿ, ಮೈಸೂರಿನ ಅರಸರ ಚರಿತ್ರೆಯನ್ನು ಇಪ್ಪತ್ತಕ್ಕೂ ಹೆಚ್ಚು ನಾಟಕಗಳಲ್ಲಿ ಬರೆದ ಆ ಪುರುಷನ ಕೃತಿಗಳಲ್ಲಿ ನಮಗೆ ಉಳಿದಿರುವುವು ಆರು ಮಾತ್ರ. ಸೀತಾಸ್ವಯಂವರವನ್ನೂ ಸದಾರಮೆಯನ್ನೂ ಆಡುತ್ತಿದ್ದ ರಂಗಭೂಮಿಗೆ, ಹಳೆಯ ಮೈಸೂರಿನ ದರ್ಬಾರಿನ ಗತ್ತಿನ ನುಡಿಯನ್ನು ಬಳಸಿ, ಹಾಡಿನ ಹಂಗಿಲ್ಲದೆ, ಒಬ್ಬ ಖಳನ ಬುದ್ಧಿಯ ಓಟವನ್ನು ತೋರಿಸಬಹುದೆಂಬುದನ್ನು ಅವರು ಕಾಣಿಸಿದರು. ಜೀವಮಾನವನ್ನೆಲ್ಲ ಊರಿಂದೂರಿಗೆ ಅಲೆದು, ಗುಪ್ತಚಾರರು ತಮ್ಮನ್ನು ಹಿಂಬಾಲಿಸುತ್ತಿದ್ದಾರೆಂಬ ಭೀತಿಯಿಂದ ಪೀಡಿತರಾಗಿ, ೧೯೩೯ರಲ್ಲಿ ಮೈಸೂರಿನಲ್ಲಿ ತಾವಾಗಿಯೇ ಪ್ರಾಣ ಬಿಟ್ಟರು. ಒಂಟಿತನವನ್ನು ಅವರಷ್ಟು ಬಲ್ಲವರು ನಮ್ಮ ನಾಟಕಕಾರರಲ್ಲಿ ಬೇರೊಬ್ಬರ ಹೆಸರು ನಮಗೆ ತೋಚದು. ಅವರು ಯಾರಿಗೂ ಕೇಡು ಬಗೆದವರಲ್ಲವೆಂಬುದೇ ಇಲ್ಲಿಯ ಸಂಕಟ.

ದಳವಾಯಿಗಳ ಅಧಿಕಾರಲೋಭವು ವಿಕ್ರಮರಾಯನೊಡನೆ ಮುಗಿಯಲಿಲ್ಲ. ಸುಮಾರು ಒಂದು ಶತಮಾನದ ತರುವಾಯ ಅದೇ ಮನೆತನದ ಚಾಮರಾಜ ಒಡೆಯರೊಬ್ಬರನ್ನು ದಳವಾಯಿಗಳು ಪದಚ್ಯುತಗೊಳಿಸಿ ಕಬ್ಬಾಳದುರ್ಗಕ್ಕೆ ಕಳುಹಿಸಿದರು. ೧೭೩೪ರಲ್ಲಿ ಅವರು ಅಲ್ಲಿಯೇ ತೀರಿಕೊಂಡರು. ಆ ಬಳಿಕ ಆ ದಳವಾಯಿಗಳನ್ನೂ ಮೀರಿಸಿ ಬೆಳೆದವನು ಬಂಗಾರಪೇಟೆಯ ತಾಲ್ಲೂಕಿಗೇ ಸೇರಿದ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ. ಹೈದರನನ್ನು ರಿಚರ್ಡನ ಪಕ್ಕದಲ್ಲಿ ನಿಲ್ಲಿಸಿ ಖಳನೆನ್ನುವುದು ನಮ್ಮ ಉದ್ದೇಶವಲ್ಲ. ಅಂಥ ಸಾಮರ್ಥ್ಯದವರು ಈ ನಾಡಿನಲ್ಲಿ ಪದೇ ಪದೇ ಹುಟ್ಟಲಿಲ್ಲ. ಆದರೆ ಅವನಿಗೂ ಅವನ ದಿವಾನನಾಗಿದ್ದ ಖಂಡೇರಾಯನಿಗೂ ೧೭೬೦ನೆಯ ಮತ್ತು ೧೭೬೧ನೆಯ ವರ್ಷಗಳಲ್ಲಿ ನಡೆದ ವ್ಯವಹಾರವು ನಮ್ಮ ಪ್ರಸ್ತುತಕ್ಕೆ ಬೇಕಾದುದು.

ಖಂಡೇರಾಯನು ತನ್ನನ್ನು ಬೆಳೆಸಿದ ಹೈದರನ ವಿರುದ್ಧ ಅರಮನೆಯವರೊಡನೆ ಸೇರಿ ಸಂಚುಹೂಡಿ ಅವನನ್ನು ಶ್ರೀರಂಗಪಟ್ಟಣದಿಂದ ಓಡಿಸಿದನು. ಹೈದರನ ಬಲವು ಕುಗ್ಗಿತು. ಖಂಡೇರಾಯನ ಸೈನ್ಯವು ದೊಡ್ಡದು. ಆಗ ಹೈದರನು ಹಿಂದೆ ಸರ್ವಾಧಿಕಾರಿಯಾಗಿದ್ದ ನಂಜರಾಜಯ್ಯನ ಮೊಹರನ್ನೊತ್ತಿದ ಕೆಲವು ಕಾಗದಗಳನ್ನು ಸಿದ್ಧಮಾಡಿಸಿದನು. ಖಂಡೇರಾಯನನ್ನು ಹಿಡಿದೊಪ್ಪಿಸುವ ವಿಷಯದಲ್ಲಿ ಅವನ ಸರದಾರರು ಮೊದಲೇ ಒಪ್ಪಿಕೊಂಡಿದ್ದಾರೆಂಬ ಅರ್ಥವು ಅವುಗಳಿಂದ ಹೊರಡುತ್ತಿತ್ತು. ಕಾಗದಗಳು ಖಂಡೇರಾಯನ ಕೈಗೇ ಸಿಕ್ಕುವಂತೆ ಏರ್ಪಾಟಾಯಿತು. ಅವನು ಓದಿದನು. ತನ್ನ ಸರದಾರರಲ್ಲಿ ಒಬ್ಬನನ್ನೂ ಕರೆದು ವಿಚಾರಿಸಲಿಲ್ಲ. ಕುದುರೆಯನ್ನೇರಿ ಸೈನ್ಯವನ್ನು ಬಿಟ್ಟು ಶ್ರೀರಂಗಪಟ್ಟಣಕ್ಕೆ ಓಡಿದನು. ಒಡೆಯನಿಲ್ಲದ ಸೈನ್ಯವು ಚದರಿಹೋಯಿತು. ಸ್ವಾಮಿಗೆ ಎರಡು ಬಗೆದವನಿಗೆ, ತನ್ನವರೂ ಎರಡು ಬಗೆದಿರುವರೆಂಬ ಸುಳ್ಳನ್ನು ನಂಬುವುದಕ್ಕೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಡೇರೆಯ ಮರೆಯಲ್ಲಿ ಕಿವಿಗೊಟ್ಟ ರಿಚರ್ಡನಿಗೂ ಇವನಿಗೂ ವ್ಯತ್ಯಾಸವೇನು? ಅರಮನೆಯವರು ಖಂಡೇರಾಯನ ಪ್ರಾಣಕ್ಕಾಗಿ ಬೇಡಿಕೊಂಡಾಗ, ಅವನನ್ನು ಗಿಳಿಯಂತೆ ಸಾಕುವುದಾಗಿ ಹೈದರನು ಭಾಷೆಯಿತ್ತನಂತೆ. ಆ ಭಾಷೆಯನ್ನು ಅಕ್ಷರಶಃ ನಡೆಸಿದನು. ಕಬ್ಬಿಣದ ಪಂಜರ, ಹಾಲು, ಅನ್ನ.

ಹೈದರನಾದರೋ ಕಿರೀಟವನ್ನು ಮುಟ್ಟಲಿಲ್ಲ. ಒಡೆಯರನ್ನು ಸಿಂಹಾಸನದ ಮೇಲೆಯೇ ಇರಗೊಟ್ಟು ದಸರೆಯಲ್ಲಿ ಜನರಿಗೆ ದರ್ಶನವಾಗುವಂತೆ ನಡೆಸಿಕೊಂಡನು. ೧೭೮೨ರಲ್ಲಿ ಪಾಳೆಯದಲ್ಲಿ ಅವನು ಕಾಲವಾದಾಗ, ಮಗನು ಬರುವವರೆಗೂ ಅವನ ಅಧಿಕಾರಿಗಳು ಮರಣದ ಸುದ್ದಿಯನ್ನು ಹೊರಗೆಡಹದೆ ಸೈನ್ಯವನ್ನು ಕಾಪಾಡಿದರು. ರಿಚರ್ಡನಿಗಾಗಿ ಅಷ್ಟನ್ನು ಮಾಡುವವರು ಬಾಸ್‌ವರ್ತಿನಲ್ಲಿ ಇರಲಿಲ್ಲ. ಸ್ಟಾನ್ಲಿಯ ಸೈನ್ಯವು ಕರೆಗೆ ಬರಲೇ ಇಲ್ಲ. ಬ್ರೇಕನ್‌ಬರಿ ಮಾತ್ರ ಆ ದಿನ ರಿಚರ್ಡನ ಪಕ್ಷದಲ್ಲಿಯೇ ಸತ್ತವರ ಪಟ್ಟಿಯಲ್ಲಿದ್ದಾನೆ.

ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ಪಕ್ಷಪಾತವಾದೀತು. ರಿಚರ್ಡನ ಚರಿತ್ರೆಯನ್ನು ಬರೆದವರು ಅವನನ್ನು ಗೆದ್ದವರ ಆಶ್ರಿತರು. ಷೇಕ್ಸ್‌ಪಿಯರನು ಈ ನಾಟಕವನ್ನು ರಚಿಸಿದ ೧೫೯೦ರ ದಶಕದ ಆದಿಯಲ್ಲಿ ಆಳುತ್ತಿದ್ದ ಎಲಿಜಬೆತ್ ರಾಣಿಯು ಬಾಸ್‌ವರ್ತಿನಲ್ಲಿ ಗೆದ್ದ ರಿಚ್‌ಮಂಡನ ಮೊಮ್ಮಗಳು. ಕ್ಲಾರೆನ್ಸನು ವಾಸ್ತವವಾಗಿ ೧೪೭೮ರಲ್ಲಿ ಎಡ್ವರ್ಡ್ ದೊರೆಯ ಕಾಲದಲ್ಲಿಯೇ ರಾಜದ್ರೋಹದ ಅಪರಾಧಕ್ಕಾಗಿ ಕೊಲ್ಲಲ್ಪಟ್ಟವನು. ೨೦೧೨ರಲ್ಲಿ ಲೆಸ್ಟರ್ ನಗರದಲ್ಲಿ ಮೋಟಾರು ನಿಲ್ಲಿಸುವ ಒಂದು ಜಾಗದ ಅಡಿಯಲ್ಲಿ ರಿಚರ್ಡನ ಅಸ್ಥಿಗಳು ದೊರೆತುವು. ಬೆನ್ನುಮೂಳೆಯು ಪಕ್ಕಕ್ಕೆ ಬಾಗಿದ್ದುದು ನಿಜ. ನಾಟಕದಲ್ಲಿ ಹೇಳಿದಂತೆ ಒಣಗಿದ ತೋಳಿನ ಗುರುತು ಇರಲಿಲ್ಲ. ೨೦೧೫ರಲ್ಲಿ ಅವನ್ನು ಆ ನಗರದ ದೊಡ್ಡ ಇಗರ್ಜಿಯಲ್ಲಿ ಗೌರವದಿಂದ ಸಮಾಧಿಮಾಡಿದರು. ನಮ್ಮ ವಿಕ್ರಮರಾಯನ ವಿಷಯದಲ್ಲಿಯೂ ಉಳಿದಿರುವುದು ಗೆದ್ದವರ ಕಡೆಯ ವೃತ್ತಾಂತವೇ. ಅವನ ಪರವಾಗಿ ಒಂದು ಸಾಲು ಬರೆದಿಡುವವನು ಅವನ ಕಚೇರಿಯಲ್ಲಿ ಯಾರೂ ಇರಲಿಲ್ಲವೆಂಬುದೂ ಅವನ ಒಂಟಿತನದ ಒಂದು ಭಾಗವೇ ಸರಿ. ಆದಕಾರಣ ನಾಟಕದ ರಿಚರ್ಡನನ್ನು ನಾಟಕದವನೆಂದೇ ಓದಬೇಕು. ಇತಿಹಾಸದ ಮನುಷ್ಯನ ಮೇಲೆ ತೀರ್ಪು ಕೊಡುವುದಕ್ಕೆ ಅದು ಸಾಕ್ಷ್ಯವಾಗಲಾರದು. ತೀರ್ಪನ್ನು ಮುಂಚಿತವಾಗಿ ಬರೆದಿಟ್ಟುಕೊಳ್ಳುವ ಕೆಲಸವು ಹೇಸ್ಟಿಂಗ್ಸನ ವಿಷಯದಲ್ಲಿ ಎಷ್ಟು ಹೇಯವೋ ರಿಚರ್ಡನ ವಿಷಯದಲ್ಲಿಯೂ ಅಷ್ಟೇ ಹೇಯ.

ಬಂಗಾರಪೇಟೆಯ ನಿಲ್ದಾಣದಿಂದ ಬೆಳಗಿನ ರೈಲನ್ನು ಹಿಡಿದು ಬೆಂಗಳೂರಿನ ಕಚೇರಿಗಳಿಗೆ ಹೋಗಿ ಸಂಜೆಗೆ ಹಿಂದಿರುಗುವವರು ಗಣಿಯ ಊರಿನಲ್ಲಿ ಇಂದು ಸಾವಿರಾರು ಮಂದಿ. ಅವರ ಪೈಕಿ ನಾಟಕದ ಹವ್ಯಾಸವುಳ್ಳವರು ‘ವಿಗಡ ವಿಕ್ರಮರಾಯ’ವನ್ನೂ ರಿಚರ್ಡನ ಕೆಲವು ದೃಶ್ಯಗಳನ್ನು ಕನ್ನಡಿಸಿಕೊಂಡು ಅವುಗಳನ್ನೂ ಎರಡು ಸಂಜೆಗಳಲ್ಲಿ ಆಡಿ ತೋರಿಸುವುದಾದರೆ ನಾವು ಸಂತೋಷದಿಂದ ಹೋಗಿ ನೋಡುವೆವು. ರಿಚರ್ಡನ ನಾಟಕವು ಬಹು ದೀರ್ಘವಾದುದು; ಎಲ್ಲಿಯಾದರೂ ಕತ್ತರಿ ಆಡಿಸಬೇಕಾದೀತು. ಇಂಗ್ಲೆಂಡಿನಲ್ಲಿ ಆಡುವವರು ಹಾಗೆ ಕತ್ತರಿಸುವಾಗ ಹಲವು ಸಲ ಮೊದಲು ಬಿಡುವುದು ಆ ಬರಹಗಾರನ ಹದಿನಾಲ್ಕು ಸಾಲುಗಳನ್ನೇ, ಏಕೆಂದರೆ ಅವನಿಲ್ಲದೆಯೂ ಕಥೆಯು ಸಾಗುತ್ತದೆ. ನಮ್ಮವರು ಮಾತ್ರ ಪ್ರೇತಗಳನ್ನು ಬೇಕಾದರೆ ಹನ್ನೊಂದರಿಂದ ನಾಲ್ಕಕ್ಕೆ ಇಳಿಸಲಿ, ಯುದ್ಧವನ್ನು ತೆರೆಯ ಹಿಂದಿನ ನಗಾರಿಯಲ್ಲಿ ಮುಗಿಸಲಿ. ಆ ಬರಹಗಾರನನ್ನು ಬಿಡದಿರಲಿ. ಅವನ ಪಾತ್ರಕ್ಕೆ ವೇಷಭೂಷಣದ ಖರ್ಚೂ ಬೀಳದು. ಕಚೇರಿಯಿಂದ ಬಂದ ಉಡುಪಿನಲ್ಲಿಯೇ ಒಬ್ಬರು ಕೈಯಲ್ಲೊಂದು ಕಾಗದದ ಸುರುಳಿಯನ್ನು ಹಿಡಿದು ರಂಗಕ್ಕೆ ಬಂದರೆ ಸಾಕು.